ಇಪ್ಪತ್ತನಾಲ್ಕು ಮನೆಗಳ ಸುವರ್ಣಯುಗ

ಫೆಬ್ರವರಿ ೬

ಅಪ್ಪ,

ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಆಡಿದ ಮಾತನ್ನು ತಿದ್ದಲು ಬರುವುದಿಲ್ಲ ಎಂದು ನೀವು ಫೋನನ್ನೇ ಮುಟ್ಟುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮ್ಯೂಸಿಯಂನಲ್ಲಿ ಹೊಸ ವಿಭಾಗವೊಂದು ತೆರೆಯುತ್ತಿದೆ. ಹೆಸರು ‘ಸುವರ್ಣ ದಶಕ’. ಕಲ್ಪನೆ ಮಂತ್ರಿಗಳದು, ಜವಾಬ್ದಾರಿ ನನ್ನದು. ಗಾಜಿನ ಪೆಟ್ಟಿಗೆಗಳಲ್ಲಿ ಪದಕ, ಪಿಸ್ತೂಲು ಇಡುವುದು ಬೇಡ, ಆ ಕಾಲದ ಒಂದು ಮನೆಯನ್ನೇ ಪೂರ್ತಿ ಕಟ್ಟಿಬಿಡೋಣ ಎಂದು ನಾನು ಹೇಳಿದೆ. ಜನ ಒಳಗೆ ಓಡಾಡಬೇಕು, ನಲ್ಲಿ ತಿರುಗಿಸಬೇಕು, ಕುರ್ಚಿಯ ಮೇಲೆ ಕೂರಬೇಕು, ಅಡುಗೆಮನೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಎಲ್ಲರೂ ಒಪ್ಪಿದರು.

ಯಾವ ಮನೆ ಎಂಬ ಪ್ರಶ್ನೆ ಬಂತು. ಆ ದಶಕದಲ್ಲಿ ನಡೆದ ಮನೆ ಗಣತಿಯ ಫಾರಂಗಳನ್ನು ಎರಡು ತಿಂಗಳು ಕೂತು ನೋಡಿದೆ. ರಾಜಧಾನಿಯ ಹೊರಗೆ, ಇಡೀ ದೇಶದಲ್ಲಿ, ಪ್ರತಿಯೊಂದು ಮನೆಯಲ್ಲೂ ಫ್ರಿಜ್ ಇದ್ದ ಕಟ್ಟಡ ಒಂದೇ ಒಂದು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು. ಯಾವುದು ಗೊತ್ತೇ? ನಮ್ಮದು! ಮೂರನೇ ಮಹಡಿ, ಹದಿಮೂರನೇ ನಂಬರು. ಫಾರಂ ಕೈಯಲ್ಲಿ ಹಿಡಿದು ಅಲ್ಲೇ ಅತ್ತುಬಿಟ್ಟೆ.

ನಿಮ್ಮಿಂದ ಒಂದು ಕಾಗದ ಬೇಕು. ‘ನಮ್ಮ ಮನೆ ಹೀಗೇ ಇತ್ತು’ ಎಂದು ನೀವು ಸಹಿ ಹಾಕಬೇಕು, ಅದರ ಕೆಳಗೆ ನಾನು. ಮೇ ಹತ್ತಕ್ಕೆ ಉದ್ಘಾಟನೆ. ಎಲ್ಲ ಸರಿಹೋದರೆ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ಈ ಒಂದು ಸಲ ವ್ಯಂಗ್ಯ ಬಿಟ್ಟು ಉತ್ತರ ಬರೆಯಿರಿ.

ನಿಮ್ಮ ಮಗಳು


ಫೆಬ್ರವರಿ ೧೪

ಮಗಳೇ,

ನಿನ್ನ ಕಾಗದ ಓದಿ ನಕ್ಕೆ. “ಯಾರು ಸತ್ರು?” ಎಂದು ನಿನ್ನಮ್ಮ ಅಡುಗೆಮನೆಯಿಂದಲೇ ಕೇಳಿದಳು. ಈಗೀಗ ನಾನು ನಗುವುದು ಪತ್ರಿಕೆಯ ನಿಧನ ವಾರ್ತೆಯಲ್ಲಿ ಯಾರಾದರೂ ಮಾಜಿ ಮಂತ್ರಿ ಕಂಡಾಗ ಮಾತ್ರ.

ಸುವರ್ಣಯುಗದ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ, ಕೇಳು. ನಾನು ಹತ್ತು ವರ್ಷದವನಿದ್ದಾಗ ಅದು ಬರಲಿತ್ತು. ಶಾಲೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು, ಇನ್ನು ಹತ್ತೇ ವರ್ಷ ಎಂದು. ನಮ್ಮ ಕೈಯಲ್ಲಿ ಬೀದಿ ಬೀದಿಯ ಗುಜರಿ ಕಬ್ಬಿಣ ಹೆಕ್ಕಿಸಿದರು. ಆ ಕಬ್ಬಿಣದಲ್ಲಿ ಯುದ್ಧನೌಕೆ ಮಾಡಿ, ಹೆಸರು ಹೇಳಲೂ ಬಾರದ ಯಾವುದೋ ದ್ವೀಪದವರನ್ನು ಹೆದರಿಸಿ ಬಂದರು. ಮೂವತ್ತೈದಾದಾಗ ಅದು ಬಂದೇಬಿಟ್ಟಿತು. ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ಹೇಳಿದರು. ಹೇಗಿರುತ್ತದೋ ನೋಡೋಣವೆಂದು ಕಿಟಕಿಗೆ ಹೋದೆ. ಎದುರು ಬೇಕರಿಯ ಮುಂದೆ ಸೋಮವಾರದ ಸಾಲೇ ಇನ್ನೂ ಕರಗಿರಲಿಲ್ಲ. ಐವತ್ತೈದಾದಾಗ ಬೇರೊಬ್ಬ ಬಂದು, ಆಗ ಬಂದದ್ದು ಅದಲ್ಲ, ಅದು ತಾಲೀಮು, ಅಸಲಿಯದು ಈಗ ಹೊರಟಿದೆ ಎಂದ. ಈಗ ನಿನ್ನ ಮಂತ್ರಿ ಬಂದು, ಅದು ಆಗಲೇ ಇತ್ತು, ಯಾರೋ ಕದ್ದುಬಿಟ್ಟರು, ನಾನು ವಾಪಸು ತರುತ್ತೇನೆ ಎನ್ನುತ್ತಿದ್ದಾನೆ. ಬರುವಾಗ ಕಂಡವರಿಲ್ಲ, ಇರುವಾಗ ಕಂಡವರಿಲ್ಲ, ಹೋಯಿತು ಎಂದು ಅಳುವುದಕ್ಕೆ ಮಾತ್ರ ದೇಶಕ್ಕೆ ದೇಶವೇ ಸಾಲುಗಟ್ಟಿದೆ.

ಆ ಗಣತಿಯ ವರ್ಷ ನಿನ್ನ ಮಂತ್ರಿಗೆ ಎಷ್ಟು ವಯಸ್ಸು? ಒಂಬತ್ತು. ರಾಯಭಾರಿಯ ಮಗ, ಹೊರದೇಶದ ಬೋರ್ಡಿಂಗ್ ಶಾಲೆಯಲ್ಲಿ ಕುದುರೆ ಸವಾರಿ ಕಲಿಯುತ್ತಿದ್ದ. ಅವನಿಗೆ ಅದು ಸುವರ್ಣಯುಗವೇ ಸರಿ. ಅವನು ಇಲ್ಲಿರಲಿಲ್ಲವಲ್ಲ!

ಅವನನ್ನಾದರೂ ಕ್ಷಮಿಸಬಹುದು, ಇಲ್ಲೇ ಇದ್ದವರನ್ನು ಏನು ಮಾಡೋಣ? ನಮ್ಮ ಕಟ್ಟಡ ಸಂಘದ ಹಳೆಯ ಕಾರ್ಯದರ್ಶಿ ನೆನಪಿದ್ದಾನಲ್ಲ, ಗಂಟಲಿನ ಪುಣ್ಯದಿಂದ ‘ಸೈರನ್’ ಎನಿಸಿಕೊಂಡವನು? ಮೊನ್ನೆ ಚಹಾದ ಅಂಗಡಿಯಲ್ಲಿ ಶುರುಮಾಡಿದ.

“ಆಗ ನಮ್ಮನ್ನ ಕಂಡ್ರೆ ಇಡೀ ಪ್ರಪಂಚ ನಡುಗ್ತಿತ್ತು ಕಣಯ್ಯಾ!”

“ನಾವೂ ನಡುಗ್ತಿದ್ವಲ್ಲೋ,” ಎಂದೆ. “ಮೂರು ಚಳಿಗಾಲ ಹೀಟರ್ ಕೆಟ್ಟಿತ್ತು.”

“ನಿಂದೊಂದು ಯಾವಾಗ್ಲೂ ಅಪಸ್ವರ. ಹೆಮ್ಮೆ ಅನ್ನೋದೇ ಇಲ್ಲ ನಿನಗೆ.”

“ಹೆಮ್ಮೆ ಇತ್ತು. ಅದನ್ನ ಹೊದ್ಕೊಳ್ಳೋಕಾಗ್ಲಿಲ್ಲ.”

ಈಗ ನಿನ್ನ ವಿಷಯ. ನಮ್ಮ ಕಟ್ಟಡದಲ್ಲಿ ಫ್ರಿಜ್ ಇದ್ದದ್ದು ಒಂದು. ಒಂದೇ ಒಂದು. ನೆಲಮಹಡಿಯ ದಂತವೈದ್ಯರದು. ಸಹಿ ಹಾಕುವುದಿಲ್ಲ.

ಮಂಡಿನೋವು ಹಾಗೇ ಇದೆ.

ನಿನ್ನ ಅಪ್ಪ


ಫೆಬ್ರವರಿ ೨೫

ಅಪ್ಪ,

ಇದರ ಜೊತೆ ಫಾರಂನ ನಕಲು ಇಟ್ಟಿದ್ದೇನೆ. ‘ಮನೆಯ ಯಜಮಾನನ ಸಹಿ’ ಎಂಬಲ್ಲಿ ಇರುವುದು ಯಾರ ಸಹಿ? ಕೊನೆಯ ಅಕ್ಷರಕ್ಕೆ ಅಷ್ಟುದ್ದ ಬಾಲ ಎಳೆಯುವವರು ನಮ್ಮ ಮನೆಯಲ್ಲಿ ಒಬ್ಬರೇ. ನನ್ನ ಶಾಲೆಯ ಅಂಕಪಟ್ಟಿಯ ಮೇಲೆಲ್ಲ ಆ ಬಾಲವನ್ನು ನೋಡಿಯೇ ಬೆಳೆದಿದ್ದೇನೆ.

ಇನ್ನೊಂದು. ಆ ವರ್ಷದ ಅಂಕಿ ಅಂಶಗಳ ಪುಸ್ತಕ ಅಚ್ಚಾದದ್ದು ನೀವು ಪ್ರೂಫ್ ನೋಡುತ್ತಿದ್ದ ಸರ್ಕಾರಿ ಮುದ್ರಣಾಲಯದಲ್ಲೇ. ಇನ್ನೂರ ಹನ್ನೆರಡನೆಯ ಪುಟದಲ್ಲಿ ನಮ್ಮ ಕಟ್ಟಡದ ಹೆಸರಿದೆ, ಮುಂದೆ ೨೪ ಎಂದಿದೆ. ಮೂವತ್ತು ವರ್ಷದಲ್ಲಿ ಒಂದು ಅಲ್ಪವಿರಾಮವೂ ನಿಮ್ಮ ಕಣ್ಣು ತಪ್ಪಿಸಿಕೊಂಡಿಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಿರಿ. ಆ ಇಪ್ಪತ್ತನಾಲ್ಕು ಹೇಗೆ ತಪ್ಪಿಸಿಕೊಂಡಿತು?

ನೀವು ಸುಳ್ಳು ಹೇಳಿದ್ದು ಆಗಲೋ ಈಗಲೋ ಎಂದಷ್ಟೇ ನನ್ನ ಪ್ರಶ್ನೆ. ನನಗೆ ಅನ್ನಿಸುವುದು ಈಗ. ಯಾರಾದರೂ ಏನನ್ನಾದರೂ ಪ್ರೀತಿಯಿಂದ ಹಿಡಿದುಕೊಂಡರೆ ನಿಮಗೆ ತಡೆಯುವುದಿಲ್ಲ. ನನಗೆ ಆ ಫ್ರಿಜ್ ನೆನಪಿದೆ, ಅಪ್ಪ. ಆರು ವರ್ಷದವಳಿದ್ದೆ. ಬಿಳಿಯದು, ಮೂಲೆಗಳು ಗುಂಡಗೆ, ನಮ್ಮ ಅಡುಗೆಮನೆಯಲ್ಲಿ ಕಿಟಕಿಯ ಪಕ್ಕ. ಅದಕ್ಕೆ ಕೆನ್ನೆ ಒತ್ತಿ ನಿಂತಿದ್ದೆ. ತಣ್ಣಗಿತ್ತು. ಆ ತಂಪನ್ನು ನಾನು ಕಟ್ಟಿಕೊಂಡದ್ದಲ್ಲ.

ಸಹಿ ಬೇಕು. ಮಾರ್ಚ್ ಮುಗಿಯುವುದರೊಳಗೆ.

ಮಗಳು


ಮಾರ್ಚ್ ೮

ಮಗಳೇ,

ಸುಳ್ಳು ಹೇಳಿದ್ದು ಆಗಲೇ. ತಣ್ಣಗಿದ್ದದ್ದೂ ನಿಜ. ಅದಕ್ಕೆ ಹತ್ತು ನಿಮಿಷದ ಹಿಂದೆ ಅದು ಎರಡನೇ ಮಹಡಿಯಲ್ಲಿ ಕೆಲಸ ಮಾಡುತ್ತಿತ್ತು.

ಗಣತಿಗೆ ಒಂದು ವಾರ ಮುಂಚೆ ಸೈರನ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ. ಸಕಲ ಸೌಕರ್ಯವಿರುವ ಕಟ್ಟಡಕ್ಕೆ ‘ಆದರ್ಶ ಕಟ್ಟಡ’ ಎಂಬ ಬಿರುದಂತೆ, ಆದರ್ಶ ಕಟ್ಟಡಕ್ಕೆ ಲಿಫ್ಟ್ ಅಂತೆ. ಯಾರು ಹೇಳಿದರು ಎಂದು ನಾನು ಕೇಳಿದೆ. “ಮೇಲಿನವರು,” ಎಂದ. ಎಲ್ಲರ ಮನೆಯಲ್ಲೂ ರೇಡಿಯೋ ಇತ್ತು, ಹೊಲಿಗೆ ಯಂತ್ರ ಇತ್ತು. ಕೊರತೆ ಬಿದ್ದದ್ದು ಫ್ರಿಜ್ ಒಂದೇ. ಆಗ ಇಡೀ ದೇಶದಲ್ಲಿ ಬೇರಾರಿಗೂ ಹೊಳೆಯದ ಬುದ್ಧಿ ನಮ್ಮ ಕಟ್ಟಡಕ್ಕೆ ಹೊಳೆಯಿತು.

ಗಣತಿದಾರ ಹತ್ತುವುದು ಮುಂದಿನ ಮೆಟ್ಟಿಲು. ಫ್ರಿಜ್ ಹತ್ತುವುದು ಹಿಂದಿನ ಮೆಟ್ಟಿಲು. ಅವನು ಮುಂದಿನ ಕೋಣೆಯಲ್ಲಿ ಕೂತು ಫಾರಂ ತುಂಬುವಷ್ಟರಲ್ಲಿ ಹಿಂಬಾಗಿಲಿನಿಂದ ಫ್ರಿಜ್ ಅಡುಗೆಮನೆಗೆ ಬರುತ್ತದೆ. ಬಂದ ಮೇಲೆ ನೀರಿನ ಪೈಪಿಗೆ ಚಮಚದಿಂದ ಮೂರು ಸಲ ಬಡಿಯುತ್ತಾರೆ. “ಬನ್ನಿ, ಅಡುಗೆಮನೆ ನೋಡಿ,” ಎಂದು ಮನೆಯವರು ಕರೆದೊಯ್ಯುತ್ತಾರೆ. ಒಂದು ಮಹಡಿಯ ನಾಲ್ಕು ಮನೆಗೂ ಹಿಂದೆ ಒಂದೇ ಓಣಿ, ಅಲ್ಲಿ ನೂಕಿದರೆ ಸಾಕು. ಹೊರುವ ಕಷ್ಟ ಮಹಡಿಗೊಂದು ಸಲ ಮಾತ್ರ.

ದಂತವೈದ್ಯರ ಹೆಂಡತಿ ಅದರ ಹಿಂದೆಯೇ ಒಂದೊಂದು ಮಹಡಿಯೂ ಹತ್ತಿದರು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ. “ಬಾಗಿಲು ಹಿಡ್ಕೋಬೇಡ್ರೀ, ಕಿತ್ತು ಬರತ್ತೆ!” ಎಂಬುದೊಂದೇ ಮಾತು. ಒಳಗೆ ಅವರ ಅರ್ಧ ಬಟ್ಟಲು ಮೊಸರಿತ್ತು. ಆ ಮೊಸರನ್ನು ಗಣತಿದಾರ ಇಪ್ಪತ್ತನಾಲ್ಕು ಮನೆಯಲ್ಲೂ ನೋಡಿದ. ಹದಿನೆಂಟನೆಯ ಮನೆಯಲ್ಲಿ, “ಈ ಕಟ್ಟಡದಲ್ಲಿ ಎಲ್ರೂ ಮೊಸರು ಅರ್ಧಾನೇ ತಿಂತೀರೇನು?” ಎಂದು ಕೇಳಿದನಂತೆ. ಪೆದ್ದನೇನಲ್ಲ. ಅವನಿಗೂ ಮೇಲಿನವರಿದ್ದರು.

ನನಗೆ ಕೊಟ್ಟ ಕೆಲಸ ಹೊರುವುದಲ್ಲ, ಮಾತನಾಡುವುದು. ಫ್ರಿಜ್ ಎಲ್ಲಿ ಸಿಕ್ಕಿಹಾಕಿಕೊಂಡರೂ ಗಣತಿದಾರನನ್ನು ಕೂರಿಸಿಡಬೇಕು. ನಮ್ಮ ಮನೆಗೆ ಬರುವಾಗ ಸ್ವಲ್ಪ ತಡವಾಯಿತು, ನಾನು ಮಾತು ಬೆಳೆಸಿದೆ. ಸತ್ತುಹೋದ ಸಾಮ್ರಾಜ್ಯಗಳನ್ನೆಲ್ಲ ಒಂದೊಂದಾಗಿ ಎಬ್ಬಿಸಿ ಕೂರಿಸಿದೆ. ತನ್ನ ಕಾಲ ಬಂಗಾರದ ಕಾಲ ಎಂದು ಕಲ್ಲಿನ ಮೇಲೆ ಕೆತ್ತಿಸಿದ ಪ್ರತಿಯೊಬ್ಬ ದೊರೆಯ ಕಲ್ಲೂ ಇವತ್ತು ಯಾರದೋ ಕೊಟ್ಟಿಗೆಯ ಮೆಟ್ಟಿಲಾಗಿದೆ ಎಂದೆ. ಪಾಪ, ಬಾಯಿ ಬಿಟ್ಟುಕೊಂಡು ಕೇಳಿದ. “ಸಾರ್, ನೀವು ಕಾಲೇಜಲ್ಲಿರಬೇಕಿತ್ತು,” ಎಂದ.

ಫಲ ಏನಾಯಿತು, ಕೇಳು. ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು. ಲಿಫ್ಟ್ ಬರಲಿಲ್ಲ. ಅದುವರೆಗೆ ನಮ್ಮ ಬೀದಿಗೆ ದಿನಕ್ಕೆರಡು ಸಲ ಹಾಲಿನ ಗಾಡಿ ಬರುತ್ತಿತ್ತು. ಇಪ್ಪತ್ತನಾಲ್ಕು ಫ್ರಿಜ್ ಇರುವ ಕಟ್ಟಡಕ್ಕೆ ದಿನಾ ಹಾಲೇಕೆ ಎಂದು ವಾರಕ್ಕೆರಡು ಸಲ ಮಾಡಿದರು. ಆ ಬೇಸಿಗೆಯೆಲ್ಲ ನೀನು ಒಡೆದ ಹಾಲು ಕುಡಿದೆ.

ಪುಸ್ತಕದ ಪ್ರೂಫ್ ನನ್ನ ಮೇಜಿಗೇ ಬಂತು. ಅಚ್ಚುಮೊಳೆ ಜೋಡಿಸುವವ ೨೪ರ ಬದಲು ೪೨ ಮಾಡಿದ್ದ. ತಿದ್ದಿದೆ. ಬರೆದು ಕಳಿಸಿದ್ದಕ್ಕೂ ಅಚ್ಚಿಗೂ ತಾಳೆಯಾಗಬೇಕು, ನನ್ನ ಕೆಲಸ ಅಷ್ಟೇ.

ಅಂಥ ದೇಶ, ಅಂಥ ಜನ. ಅರ್ಧ ಬಟ್ಟಲು ಮೊಸರನ್ನು ಬಂಗಾರವೆಂದು ಎಣಿಸಿದವರು. ಇಂಥದ್ದಕ್ಕೆ ನೀನು ಹೆಸರು ಕೊಡಬೇಡ.

ನಿನ್ನ ಅಪ್ಪ


ಮಾರ್ಚ್ ೯

ಪುಟ್ಟೀ,

ನಿಮ್ಮಪ್ಪ ಬರೆದಿದ್ದನ್ನ ಅಂಟಿಸೋ ಮುಂಚೆ ಓದಿದೆ. ಚೆನ್ನಾಗಿ ಬರೆದಿದ್ದಾರೆ, ನಗು ಬಂತು. ಒಂದು ಬಿಟ್ಟಿದ್ದಾರೆ. ಅದನ್ನ ಯಾವಾಗ್ಲೂ ಬಿಡ್ತಾರೆ. ನಾನು ಬೇರೆ ಕವರಿನಲ್ಲಿ ಕಳಿಸ್ತಿದೀನಿ, ಅವರಿಗೆ ಗೊತ್ತಿಲ್ಲ.

ಆವತ್ತು ಉಳಿದ ಗಂಡಸರೆಲ್ಲ ಪಾಳಿಗೆ ಹೋಗಿದ್ರು. ರಾತ್ರಿ ಪಾಳಿ ಮುಗಿಸಿ ಬಂದ ಇಬ್ಬರು ಹೊರ್ತಿದ್ರು. ಎರಡನೇ ಮಹಡಿ ಮುಗಿಸೋ ಹೊತ್ತಿಗೆ ಅವರಲ್ಲೊಬ್ಬನ ಬೆನ್ನು ಹಿಡ್ಕೊಂಡ್ತು, ಎದ್ದೇಳಲಿಲ್ಲ. ಗಣತಿಯವನು ಆಗಲೇ ನಮ್ಮನೇಲಿ ಕೂತಿದ್ದ. ಕೆಳಗಿನ ತುದಿ ನಾನು ಹಿಡಿದೆ. ನನಗಾಗ ನಾಲ್ಕು ತಿಂಗಳು.

ಮೂರನೇ ಮಹಡಿಯ ತಿರುವಿನಲ್ಲಿ ಆಯ್ತು. ಫ್ರಿಜ್ ಒಳಗೆ ಹೋಯ್ತು, ನಾನು ಮೆಟ್ಟಿಲ ಮೇಲೆ ಕೂತೆ. ಪೈಪ್ ಬಡಿದಿದ್ದು ಕೇಳಿಸ್ತು. ಅವನು ಒಳಗಿರೋವಾಗ ನನ್ನನ್ನ ಹಾಸಿಗೆಗೆ ಕರ್ಕೊಂಡು ಹೋಗೋ ಹಾಗಿರಲಿಲ್ಲ. ಎಲ್ಲಾ ಬಯಲಾಗತ್ತಲ್ಲ. ದಂತವೈದ್ಯರ ಹೆಂಡತಿ ನನ್ನ ಕೈ ಹಿಡ್ಕೊಂಡು ಕೂತ್ರು. “ಈಗ ಎದ್ದು ಹೋಗ್ತಾನೆ, ಈಗ ಎದ್ದು ಹೋಗ್ತಾನೆ,” ಅಂತಿದ್ರು. ಒಳಗೆ ನಿಮ್ಮಪ್ಪನ ಭಾಷಣ. ಬಾಗಿಲ ಹಿಂದೆ ಕೂತು ಪೂರ್ತಿ ಕೇಳಿದೆ. ಎಲ್ಲಾ ರಾಜರೂ ಬಂದ್ರು. ಚೆನ್ನಾಗೇ ಮಾತಾಡಿದ್ರು.

ನಿನಗೆ ತಮ್ಮನೋ ತಂಗಿಯೋ ಗೊತ್ತಾಗಲಿಲ್ಲ. ಆ ವಾರ ನಾನು ಅಕ್ಕನ ಮನೆಗೆ ಹೋಗಿದ್ದೆ ಅಂತ ನಿನಗೆ ಹೇಳಿದ್ವಿ.

ನೀನು ಸಹಿ ಹಾಕ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು. ಆದ್ರೆ ಆ ಅಡುಗೆಮನೇಲಿ ಜನ ನಿಂತು ಫೋಟೋ ತೆಗಿಸ್ಕೋತಾರೆ ಅಂತ ಬರೆದಿದ್ಯಲ್ಲ, ಅದನ್ನ ಓದಿದಾಗಿಂದ ನಿದ್ದೆ ಸರಿಯಾಗಿ ಬರ್ತಿಲ್ಲ.

ನಿನ್ನ ಅಮ್ಮ


ಏಪ್ರಿಲ್ ೧೧

ಅಪ್ಪ,

ಉತ್ತರ ಬರೆಯಲು ಒಂದು ತಿಂಗಳು ಬೇಕಾಯಿತು. ಅಮ್ಮ ನನಗೆ ಬರೆದಿದ್ದಳು. ಅವಳನ್ನು ಏನೂ ಕೇಳಬೇಡಿ.

ನಿರ್ದೇಶಕರ ಬಳಿ ಹೋದೆ. ಫಾರಂ ಸುಳ್ಳು, ಆ ಮನೆಯನ್ನು ಕಟ್ಟಬಾರದು ಎಂದೆ. ಒಳ್ಳೆಯ ಮನುಷ್ಯರೇ. ಬಾಗಿಲು ಮುಚ್ಚಿ ಕೂರಿಸಿ ಮಾತನಾಡಿದರು.

“ನೋಡಮ್ಮಾ, ಫಾರಂ ಇದೆ, ಪುಸ್ತಕ ಇದೆ, ಸಹಿ ಇದೆ. ನಿಮ್ಮಪ್ಪನ ನೆನಪು ಯಾವ ಕಪಾಟಿನಲ್ಲಿದೆ?”

“ಅವರು ಬದುಕಿದ್ದಾರೆ, ಸಾರ್. ಕೇಳಿ.”

“ಬದುಕಿದ್ರೆ ಬಂದು ಹೇಳ್ಲಿ. ನಲವತ್ತು ವರ್ಷ ಏನ್ ಮಾಡ್ತಿದ್ರು?”

ಸಹಿ ಹಾಕುವುದಿಲ್ಲ ಎಂದು ಬರೆದುಕೊಟ್ಟೆ. ಸಂಜೆಯೊಳಗೆ ನನ್ನ ಸಹಾಯಕ ಸಹಿ ಹಾಕಿದ. ನನ್ನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದ್ದಾರೆ. ಹಳೆಯ ಸೈನಿಕ ಸಮವಸ್ತ್ರಗಳ ಗುಂಡಿಗಳನ್ನು ಪಟ್ಟಿ ಮಾಡುತ್ತಿದ್ದೇನೆ. ಮೇ ಹತ್ತಕ್ಕೆ ನಮ್ಮ ಮನೆ ತೆರೆಯುತ್ತದೆ, ಫ್ರಿಜ್ಜಿನ ಸಮೇತ.

ನಿಮ್ಮ ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಮಂತ್ರಿಯನ್ನು ಬೈದಿದ್ದೀರಿ, ರೇಡಿಯೋವನ್ನು, ಸೈರನ್ ಮಾಮನನ್ನು, ಬೇಕರಿಯ ಮುಂದೆ ನಿಂತವರನ್ನು, ಕಲ್ಲು ಕೆತ್ತಿಸಿದ ದೊರೆಗಳನ್ನು, ಕೊನೆಗೆ ಇಡೀ ದೇಶವನ್ನು. ನನ್ನ ಬಾಲ್ಯದುದ್ದಕ್ಕೂ ನಮ್ಮ ಮನೆಯಲ್ಲಿ ಪೆದ್ದರಲ್ಲದವರು ಒಬ್ಬರೇ ಇದ್ದರು. ಫಾರಂನಲ್ಲಿ ಸಹಿ ಅವರದು. ಪ್ರೂಫ್‌ನಲ್ಲಿ ತಿದ್ದಿದ ಕೈ ಅವರದು. ಆ ಯುಗ ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಬರೆದಿರಿ. ಬೀಳುವುದು ಹೇಗೆ, ಅಪ್ಪ? ಹಿಂದಿನ ಮೆಟ್ಟಿಲಲ್ಲಿ ಬರುತ್ತಿತ್ತು, ನೀವು ಮುಂದಿನ ಕೋಣೆಯಲ್ಲಿದ್ದಿರಿ.

ಒಂದೇ ಒಂದು ಪ್ರಶ್ನೆ. ಪೈಪ್ ಬಡಿದ ಮೇಲೆ ಎಷ್ಟು ಹೊತ್ತು ಮಾತನಾಡಿದಿರಿ?

ಮಗಳು


ಜೂನ್ ೨

ಮಗಳೇ,

ಇಪ್ಪತ್ತೈದು ನಿಮಿಷ.

ಗೋಡೆಯ ಗಡಿಯಾರ ಗಣತಿದಾರನ ತಲೆಯ ಮೇಲೆಯೇ ಇತ್ತು, ಹಾಗಾಗಿ ಗೊತ್ತು. ಪೈಪ್ ಬಡಿದದ್ದು ಕೇಳಿಸಿತು. ಇನ್ನೊಬ್ಬ ದೊರೆ ಬಾಕಿಯಿದ್ದ, ಅವನನ್ನು ಮುಗಿಸಿಬಿಡೋಣವೆಂದುಕೊಂಡೆ. ಅವನು ಮುಗಿಯುವಷ್ಟರಲ್ಲಿ ಮತ್ತೊಬ್ಬ ನೆನಪಾದ. ಕೇಳುವವನು ಸಿಕ್ಕಿದ್ದ, ನಾಲಿಗೆಗೆ ರುಚಿ ಹತ್ತಿತ್ತು. ಹಿಂಬಾಗಿಲ ಆಚೆ ನಿನ್ನಮ್ಮ ಕೂತಿದ್ದದ್ದು ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಈ ವಾಕ್ಯದ ಹಿಂದೆ ಅಡಗಿ ಕೂತೆ. ಈಗ ಅದರಲ್ಲಿ ಜಾಗ ಸಾಲುವುದಿಲ್ಲ.

ಕಳೆದ ಗುರುವಾರ ನಾನೂ ಅವಳೂ ರಾಜಧಾನಿಗೆ ಬಂದಿದ್ದೆವು. ನಿನಗೆ ಹೇಳಲಿಲ್ಲ. ಮೊದಲು ಕೆಲಸ ಮುಗಿಸಬೇಕಿತ್ತು.

ಅಂಕಿ ಅಂಶಗಳ ಕಚೇರಿಗೆ ಹೋದೆ. ಕೌಂಟರಿನ ಹುಡುಗಿಗೆ ನನ್ನ ಹೇಳಿಕೆ ಕೊಟ್ಟೆ. ಇಂಥ ವರ್ಷ, ಇಂಥ ಫಾರಂ, ಸುಳ್ಳಿಗೆ ಸಹಿ ಹಾಕಿದವನು ನಾನು, ತಿದ್ದಿಕೊಳ್ಳಿ ಎಂದು. ಎರಡು ಸಲ ಓದಿದಳು.

“ತಾತ, ವಿಳಾಸ ಬದಲಾವಣೆಗೆ ಫಾರಂ ಇದೆ. ಹೆಸರು ತಿದ್ದೋಕೆ ಇದೆ. ಇದಕ್ಕಿಲ್ಲ.”

“ಸುಳ್ಳು ಹೇಳಿದ್ದೆ ಅಂತ ಹೇಳೋಕೆ ಫಾರಂ ಇಲ್ವಾ?”

“ಯಾರೂ ಕೇಳಿಲ್ಲ, ತಾತ.”

ನಗು ಬಂತು. ಏನೋ ಒಂದು ಚುಚ್ಚುಮಾತು ಬಾಯಿಯವರೆಗೂ ಬಂತು. ಆ ಹುಡುಗಿಯ ಮುಂದೆ ಏಕೋ ಅದು ಹೊರಡಲಿಲ್ಲ.

ಅಲ್ಲಿಂದ ಮ್ಯೂಸಿಯಂಗೆ. ನಿನ್ನ ಕೆಲಸ ಚೆನ್ನಾಗಿದೆ. ಕಿಟಕಿಯ ಚಿಲಕ, ನಲ್ಲಿಯ ಕೆಳಗಿನ ಬಕೆಟ್ಟು, ಮುಂದಿನ ಕೋಣೆಯ ಗಡಿಯಾರ, ಎಲ್ಲವೂ ಇದ್ದ ಹಾಗೇ ಇವೆ. ಜನ ಕಿಕ್ಕಿರಿದಿದ್ದರು. “ಆಗೆಲ್ಲ ಎಷ್ಟು ಚೆಂದ ಬದುಕ್ತಿದ್ರು ನೋಡು, ಒಂದು ರಗಳೆ ಇಲ್ಲ,” ಎಂದು ಒಬ್ಬ ಎಳೆಯ ಗಂಡ ಹೆಂಡತಿಗೆ ಹೇಳುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ನಿನಗೆ ಗೊತ್ತಲ್ಲ, ಶುರುಮಾಡಿದ್ದರೆ ಸಂಜೆಯಾಗುತ್ತಿತ್ತು. ತಿರುಗಿ ನೋಡಿದರೆ ನಿನ್ನಮ್ಮ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತಿದ್ದಳು. ಒಳಗೆ ಹೋಗಿರಲಿಲ್ಲ. ಹಿಂಬಾಗಿಲನ್ನೇ ನೋಡುತ್ತಿದ್ದಳು. ನೀವು ಅದನ್ನೂ ಮಾಡಿದ್ದೀರಿ, ಹಸಿರು ಬಣ್ಣ ಬಳಿದು. ಅದರ ಆಚೆಗೆ ಮೆಟ್ಟಿಲು ಮಾಡಿಲ್ಲ, ಗೋಡೆಯಿದೆ.

ನಾನು ಬಾಯಿ ಮುಚ್ಚಿದೆ.

ಹೊರಗೆ ಬರುವಲ್ಲಿ ಅಭಿಪ್ರಾಯ ಬರೆಯುವ ದಪ್ಪ ಪುಸ್ತಕ ಇಟ್ಟಿದ್ದಾರೆ. ಇದು ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕಾವಲುಗಾರನನ್ನು ಕೇಳಿದೆ. “ಕೆಳಗೆ ಉಗ್ರಾಣಕ್ಕೆ, ಯಜಮಾನ್ರೇ. ಅಲ್ಲೊಬ್ರು ಮೇಡಂ ಇದಾರೆ, ಬಂದಿದ್ದನ್ನೆಲ್ಲ ಪಟ್ಟಿ ಮಾಡಿಡ್ತಾರೆ,” ಎಂದ. ಹಾಗಾದರೆ ಸರಿ ಎಂದು ಪೆನ್ನು ತೆಗೆದುಕೊಂಡೆ.

ಹೆಸರು, ಮನೆಯ ನಂಬರು, ವಿಳಾಸ ಬರೆದೆ. ‘ಈ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇದೆಯೆಂದು ಫಾರಂಗೆ ಸಹಿ ಹಾಕಿದವನು ನಾನು. ಅಚ್ಚಿನಲ್ಲಿ ಅದನ್ನು ಸರಿಯಾಗಿದೆಯೆಂದು ಬಿಟ್ಟವನೂ ನಾನು.’ ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದೆ.

ನಿನ್ನಮ್ಮ ಪಕ್ಕದಲ್ಲಿ ನಿಂತು ಓದಿದಳು. “ಮೆಟ್ಟಿಲ ವಿಷಯಾನೂ ಬರೀರಿ,” ಎಂದಳು.

ನಲವತ್ತು ವರ್ಷದಲ್ಲಿ ಅವಳು ಆ ಮಾತನ್ನು ನನ್ನೆದುರು ಎತ್ತಿದ್ದು ಅದೇ ಮೊದಲು. ಬರೆದೆ. ಇಪ್ಪತ್ತೈದು ನಿಮಿಷವನ್ನೂ ಬರೆದೆ. ಅಕ್ಷರಗಳು ಸೊಟ್ಟಗಾದವು. ಬಾಲ ಎಳೆಯದೆ ಸಹಿ ಹಾಕಿದೆ. ಅವಳು ಪೆನ್ನು ಇಸಕೊಂಡು ತನ್ನ ಸಹಿಯನ್ನೂ ಹಾಕಿದಳು.

ನಮ್ಮ ಹಿಂದೆ ಒಬ್ಬ ಹೆಂಗಸು ಕಾಯುತ್ತಿದ್ದರು. ನಿನ್ನಮ್ಮನ ವಯಸ್ಸು, ಕೈಯಲ್ಲಿ ಊರುಗೋಲು. ನಮ್ಮ ಭುಜದ ಮೇಲಿಂದ ಎಲ್ಲವನ್ನೂ ಓದಿಬಿಟ್ಟಿದ್ದರು, ಸಂಕೋಚವೇನೂ ಇರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಊರುಗೋಲನ್ನು ಮೇಜಿಗೆ ಒರಗಿಸಿ ಕೈ ಚಾಚಿದರು.

“ನಿಮ್ದು ಮುಗೀತಾ? ಪೆನ್ನು ಕೊಡಿ ಇಲ್ಲಿ. ನಮ್ಮ ಕಟ್ಟಡದಲ್ಲಿ ಟೆಲಿಫೋನು.”

ನಿನ್ನ ಅಪ್ಪ